ಗೇಟು ಮುಚ್ಚಿದ ಮೇಲಿನ ಪಾಠಶಾಲೆ

ಮದ್ದೂರು ಎಂದೊಡನೆ ಪಟ್ಟಣವಾಸಿಗಳ ನಾಲಗೆ ವಡೆಯನ್ನು ನೆನೆಯುತ್ತದೆ. ಬೆಂಗಳೂರು–ಮೈಸೂರು ರೈಲುದಾರಿಯ ಆ ವಡೆಯ ಮದ್ದೂರು ಮಂಡ್ಯದ ಸೀಮೆಗೆ ಸೇರಿದ್ದು. ಅದೇ ಹೆಸರಿನ ಇನ್ನೊಂದು ಊರು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಅರಣ್ಯಕ್ಕೆ ಬೆನ್ನೊಡ್ಡಿ ಕುಳಿತಿದೆ. ಮೈಸೂರಿನಿಂದ ನಂಜನಗೂಡು ದಾಟಿ ದಕ್ಷಿಣಕ್ಕೆ ಸಾಗಿದರೆ ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಹಂಗಳದ ಮೇಲೆ ಊಟಿಗೆ ಹೋಗುತ್ತದೆ. ಮಧುಚಂದ್ರದ ಜೋಡಿಗಳಿಗೂ ಶಾಲಾಮಕ್ಕಳ ಪ್ರವಾಸಕ್ಕೂ ಗೊತ್ತಿರುವುದು ಅದೇ. ಮತ್ತೊಂದು ಕವಲು ಮದ್ದೂರಿನ ಮೂಲಕ ಕಾಡನ್ನು ಸೀಳಿಕೊಂಡು ಕೇರಳದ ಸುಲ್ತಾನ್ ಬತ್ತೇರಿಗೆ ಇಳಿಯುತ್ತದೆ.

ಮುಂಗಾರಿನ ನಡುವೆ ಈ ದಾರಿಯಲ್ಲಿ ಬಂದವರ ಕಣ್ಣಿಗೆ ಹಬ್ಬ. ಒಂದು ಕಡೆ ಸೂರ್ಯಕಾಂತಿಯ ಹಳದಿ, ಇನ್ನೊಂದು ಕಡೆ ಚೆಂಡುಹೂವಿನ ಕಿತ್ತಳೆ. ಈ ಚೆಂಡುಹೂವು ಬರಿಯ ಪೂಜೆಗಲ್ಲ, ಮೂಟೆ ಮೂಟೆಯಾಗಿ ಕಾರ್ಖಾನೆಗೆ ಹೋಗಿ ಬಣ್ಣವಾಗುತ್ತದೆ. ಓಣಂ ಹತ್ತಿರ ಬಂತೆಂದರೆ ಕೇರಳದ ಮೋಟಾರುಗಳು ಹೊಲದ ಅಂಚಿನಲ್ಲಿ ಸಾಲುಗಟ್ಟುತ್ತವೆ. ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಂಡವರು ಹೊರಟುಹೋಗುತ್ತಾರೆ. ಹೊಲದವನು ಆನೆ ಬಾರದ ಹಾಗೆ ಅಟ್ಟಣೆಯೇರಿ ರಾತ್ರಿ ಕಾಯುತ್ತಾನೆ.

ಮದ್ದೂರಿನಲ್ಲಿ ಅರಣ್ಯ ಇಲಾಖೆಯ ತನಿಖಾ ಠಾಣೆಯುಂಟು. ೨೦೦೯ರಿಂದ ಈಚೆಗೆ ರಾತ್ರಿ ೯ ಗಂಟೆಯಿಂದ ಬೆಳಗಿನ ೬ ಗಂಟೆಯವರೆಗೆ ಈ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. ಆಂಬುಲೆನ್ಸುಗಳನ್ನೂ ಗೊತ್ತುಮಾಡಿದ ಕೆಲವು ಬಸ್ಸುಗಳನ್ನೂ ಬಿಟ್ಟರೆ ಬೇರೆ ಯಾರಿಗೂ ಬಿಡುಗಡೆಯಿಲ್ಲ. ಹುಲಿ, ಆನೆ, ಕಡವೆಗಳು ಚಕ್ರದಡಿ ಸಾಯಬಾರದೆಂಬುದು ಕಾರಣ. ಒಂಬತ್ತು ಹೊಡೆಯುತ್ತಲೇ ಗೇಟು ಅಡ್ಡ ಬೀಳುತ್ತದೆ. ತಡವಾಗಿ ಬಂದ ಲಾರಿಯವರು ಗೊಣಗಿಕೊಂಡು, ಲುಂಗಿ ಸುತ್ತಿಕೊಂಡು, ಲಾರಿಯ ಪಕ್ಕದಲ್ಲೇ ಸ್ಟೌ ಹಚ್ಚುತ್ತಾರೆ. ಲೋಕವೇ ಮಲಗಿತೆಂದು ಪ್ರಯಾಣಿಕನಿಗೆ ತೋರುವುದು ಸಹಜ.

ಆದರೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಒಂದು ಪಾಠಶಾಲೆ ಬಾಗಿಲು ತೆರೆಯುವುದೇ ಆ ಹೊತ್ತಿಗೆ. ಕಾಡಂಚಿನ ಈ ಸೀಮೆಯಿಂದ ಹಿಡಿದು ನಂಜನಗೂಡು, ಮಂಡ್ಯ, ತುಮಕೂರುಗಳವರೆಗೆ, ಯಾವ ಊರಿನಲ್ಲಿ ಪೌರಾಣಿಕ ನಾಟಕ ಗೊತ್ತಾಗಿದೆಯೋ ಆ ಊರಿನಲ್ಲಿ, ಮಾರಿಗುಡಿಯ ಜಗುಲಿಯಲ್ಲೋ ಭಜನೆಯ ಮನೆಯಲ್ಲೋ ಪ್ರಾಥಮಿಕ ಶಾಲೆಯ ಪಡಸಾಲೆಯಲ್ಲೋ ದೀಪ ಹೊತ್ತಿಕೊಳ್ಳುತ್ತದೆ. ಚಾಪೆ ಹಾಸುತ್ತಾರೆ. ಹಾರ್ಮೋನಿಯಮ್ಮಿಗೆ ಊದುಬತ್ತಿ ಬೆಳಗುತ್ತಾರೆ. ಮಕ್ಕಳಿಗೆ ಮೀಸೆ ಮೂಡಿರುವ, ಕೆಲವರಿಗೆ ಮೊಮ್ಮಕ್ಕಳೂ ಆಗಿರುವ ಗಂಡಸರು, ಕೈಕಾಲು ತೊಳೆದುಕೊಂಡು, ಕಂಕುಳಲ್ಲಿ ನೋಟ್‌ಪುಸ್ತಕ ಇರುಕಿಕೊಂಡು ಬಂದು ಸಾಲಾಗಿ ಕುಳಿತುಕೊಳ್ಳುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ದನ ಕಾಯಲೆಂದು ಯಾವ ಶಾಲೆಯನ್ನು ಬಿಟ್ಟಿದ್ದರೋ ಅದೇ ಶಾಲೆಯ ಜಗುಲಿಗೆ ಐವತ್ತನೆಯ ವಯಸ್ಸಿನಲ್ಲಿ ಪುಸ್ತಕ ಹಿಡಿದು ಬಂದವರೂ ಇವರೊಳಗೆ ಉಂಟು. ಕಲಿಯುವ ವಿಷಯ ಹಾಡು, ಮಾತು ಮತ್ತು ಅಭಿನಯ. ನಾಟಕ ಬಹುಮಟ್ಟಿಗೆ ‘ಕುರುಕ್ಷೇತ್ರ’.

ಇದನ್ನು ಊರಿನವರು ತಾಲೀಮು ಎನ್ನುತ್ತಾರೆ. ಮೂರು ತಿಂಗಳು ತಾಲೀಮು ಎಂದರೆ ಕಡಮೆಯ ಮಾತು, ಆರು ತಿಂಗಳಾದರೂ ಆಶ್ಚರ್ಯವಿಲ್ಲ. ನಾಟಕದ ಮೇಷ್ಟರು ಪರಊರಿನಿಂದ ಬಂದು ಬೀಡುಬಿಡುತ್ತಾರೆ. ಊಟ ಸರದಿಯ ಮೇಲೆ, ಇಂದು ಧರ್ಮರಾಯನ ಮನೆ, ನಾಳೆ ಶಕುನಿಯ ಮನೆ. ಪಾತ್ರಗಳ ಹಂಚಿಕೆ ಮೊದಲನೆಯ ಕಲಹ. ಪಾತ್ರಕ್ಕೆ ತಕ್ಕಂತೆ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನ, ಭೀಮ, ಅರ್ಜುನರಿಗೆ ಬೆಲೆ ಹೆಚ್ಚು, ವಿದುರನಿಗೆ ಕಡಮೆ, ದೂತನಿಗೆ ಇನ್ನೂ ಕಡಮೆ. ಕೃಷ್ಣನಾಗಬೇಕೆಂಬವರು ಹಲವರಾದಾಗ ಜಾಣ ಊರು ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಅಂಕಗಳನ್ನು ಪಾಲು ಮಾಡಿಕೊಡುತ್ತದೆ. ಅರ್ಧರಾತ್ರಿಯವರೆಗೆ ತೆಳ್ಳಗಿದ್ದ ಪರಮಾತ್ಮ ಅನಂತರ ದಪ್ಪಗಾಗಿ ರಂಗಕ್ಕೆ ಬಂದರೆ ಪ್ರೇಕ್ಷಕರಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ವಿಶ್ವರೂಪ ತೋರಿಸಬಲ್ಲವನಿಗೆ ಇದೇನು ದೊಡ್ಡದು?

ಹಣ ಕಟ್ಟಿದ ಮಾತ್ರಕ್ಕೆ ಪಾತ್ರ ಒಲಿಯುವುದಿಲ್ಲ ಎಂಬುದು ಮೊದಲ ವಾರದಲ್ಲೇ ಎಲ್ಲರಿಗೂ ಅರಿವಾಗುತ್ತದೆ. ಮೇಷ್ಟರು ಒಬ್ಬೊಬ್ಬನನ್ನೇ ಹತ್ತಿರ ಕೂರಿಸಿಕೊಂಡು, ಹಾರ್ಮೋನಿಯಮ್ಮಿನ ಮನೆಗಳನ್ನು ಒಂದೊಂದಾಗಿ ಒತ್ತುತ್ತಾ, ಕಂಠ ಎಲ್ಲಿ ಸಲೀಸಾಗಿ ನಿಲ್ಲುತ್ತದೆ ಎಂದು ಪರೀಕ್ಷಿಸುತ್ತಾರೆ. ಇಪ್ಪತ್ತರಲ್ಲಿ ಎತ್ತಿನ ಹಿಂದೆ ತಾರಸ್ಥಾಯಿಯಲ್ಲಿ ಕೂಗಿದ ಗಂಟಲು ಐವತ್ತರ ಹೊತ್ತಿಗೆ ಒಂದು ಮನೆ ಇಳಿದಿರುತ್ತದೆ. ಬೀಡಿ ಸೇದಿದವನಿಗೆ ಎರಡು ಮನೆ. ‘ಮೊದಲು ಶ್ರುತಿಗೆ ನಿಲ್ಲಯ್ಯ, ಆಮೇಲೆ ಗದೆ ಎತ್ತುವೆಯಂತೆ’ ಎಂದು ಭೀಮನಿಗೆ ಹೇಳದ ಮೇಷ್ಟರು ಇರಲಾರರು. ಹೀಗೆ ಬರಿಯ ‘ಸ’ದಲ್ಲಿ ನಿಲ್ಲಲು ಕಲಿಯುವುದರಲ್ಲೇ ಹಲವು ರಾತ್ರಿಗಳು ಕಳೆಯುತ್ತವೆ.

ಅನಂತರ ಕಂದಗಳು, ವೃತ್ತಗಳು, ಸೀಸಪದ್ಯಗಳು. ಇವುಗಳಿಗೆ ತಬಲದ ಆಸರೆಯಿಲ್ಲ. ಮೋಹನದಲ್ಲೋ ಕಲ್ಯಾಣಿಯಲ್ಲೋ ಪದ್ಯವನ್ನು ಎತ್ತಿ, ಪದವನ್ನು ಅರ್ಥವಾಗುವಂತೆ ಒಡೆದು, ಉಸಿರು ಎಲ್ಲಿ ಮುಗಿಯುತ್ತದೆಂದು ಮೊದಲೇ ಲೆಕ್ಕವಿಟ್ಟುಕೊಂಡು ಹಾಡಬೇಕು. ಕೊನೆಯ ಆಲಾಪನೆ ಮುಗಿಯುತ್ತಿದ್ದಂತೆ ಎದುರಾಳಿಯತ್ತ ಹೊರಳಿ ಗದ್ಯಕ್ಕೆ ಇಳಿಯಬೇಕು. ಹಾಡಿನಿಂದ ಮಾತಿಗೆ ಇಳಿಯುವ ಆ ಒಂದು ಕ್ಷಣವೇ ಈ ವಿದ್ಯೆಯ ಅತಿ ಕಷ್ಟದ ಭಾಗ. ಸಂಗೀತ ಮಾತ್ರ ಕಲಿತವನು ಹಾಡು ಮುಗಿಸಿ ಸುಮ್ಮನೆ ನಿಂತುಬಿಡುತ್ತಾನೆ; ಮಾತು ಮಾತ್ರ ಬಲ್ಲವನು ಹಾಡಿಗೆ ಬಂದಾಗ ಪಾತ್ರವನ್ನು ಮರೆತು ಹಾರ್ಮೋನಿಯಮ್ಮಿನ ಕಡೆಗೆ ನೋಡುತ್ತಾನೆ. ಎರಡನ್ನೂ ಒಂದೇ ಮೈಯಲ್ಲಿ ಕೂಡಿಸುವುದನ್ನು ಕಲಿಸಲೆಂದೇ ದೂರದೇಶಗಳ ಮಹಾನಗರಗಳಲ್ಲಿ ಗೀತನಾಟಕದ ಕಾಲೇಜುಗಳಿವೆ. ಇಲ್ಲಿ ಅದಕ್ಕೆ ಒಂದು ಚಾಪೆ ಮತ್ತು ಮೇಷ್ಟರ ಬೈಗಳು ಸಾಕಾಗಿವೆ.

ವಯಸ್ಸಾದವನ ನೆನಪು ಎಳೆಯನ ನೆನಪಿನಂತೆ ಅಲ್ಲ. ಹುಡುಗನು ಪದ್ಯವನ್ನು ನುಂಗಿಬಿಡುತ್ತಾನೆ, ಹಿರಿಯನು ಅಗಿಯಬೇಕಾಗುತ್ತದೆ. ಹೀಗಾಗಿ ಹಗಲಿನ ಕೆಲಸವೆಲ್ಲವೂ ಪಾಠದ ಮುಂದುವರಿಕೆಯಾಗುತ್ತದೆ. ಅರಿಸಿನದ ಹೊಲಕ್ಕೆ ನೀರು ಕಟ್ಟುವಾಗ ಸಂಧಾನದ ಮಾತುಗಳು, ಬಾಳೆಯ ಗೊನೆ ಕಡಿಯುವಾಗ ದುರ್ಯೋಧನನ ಹೂಂಕಾರ, ಅಟ್ಟಣೆಯ ಮೇಲೆ ಒಂಟಿಯಾಗಿ ಕುಳಿತ ರಾತ್ರಿ ಕರ್ಣನ ಶೋಕ. ಬೆಳೆ ಮೇಯಲು ಬಂದ ಆನೆಗಳೂ ಇದನ್ನು ಕೇಳಿರಬೇಕು. ಆದರೆ ಹಿರಿಯನಿಗೆ ಒಂದು ಅನುಕೂಲ ಉಂಟು. ಈ ಹಾಡುಗಳನ್ನು ಅವನು ತಾಯಿಯ ಮಡಿಲಲ್ಲಿ ನಿದ್ದೆಗಣ್ಣಿನಲ್ಲಿ ಕೇಳಿದವನು. ಮಗನಿಗೆ ಎದುರು ನಿಂತ ಕುಂತಿಯ ಅಳಲೂ, ತಮ್ಮಂದಿರ ಪಾಲು ಕೊಡೆನೆಂದ ಅಣ್ಣನ ಹಠವೂ ಅವನಿಗೆ ಪುಸ್ತಕದ ಮಾತಲ್ಲ. ತಾಲ್ಲೂಕು ಕಚೇರಿಯಲ್ಲಿ ಪಾಲುಪಟ್ಟಿಗೆ ಅಲೆದು ಬಂದವನಿಗೆ ಕುರುಕ್ಷೇತ್ರವನ್ನು ವಿವರಿಸಬೇಕೆ?

ಈ ಮಣ್ಣಿಗೂ ಹಾಡುವ ನಾಟಕಕ್ಕೂ ಇರುವ ನಂಟು ಇಂದಿನದಲ್ಲ. ಊಟಿಯ ಕವಲಿನಲ್ಲಿ ಹೇಳಿದ ಹಂಗಳ, ಇಂದು ಹಿಮವದ್ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಸ್ಥಳವೆಂದು ಮಾತ್ರ ಪ್ರವಾಸಿಗಳಿಗೆ ಗೊತ್ತು. ೧೬೭೩ರಲ್ಲಿ ಮೈಸೂರಿನ ಸಿಂಹಾಸನವೇರಿದ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ವರ್ಷಗಟ್ಟಲೆ ಇದ್ದದ್ದು ಈ ಹಂಗಳದಲ್ಲಿ. ಅವರ ಆಸ್ಥಾನದ ಸಿಂಗರಾರ್ಯನು ಬರೆದ ‘ಮಿತ್ರವಿಂದಾ ಗೋವಿಂದ’ ಈಗ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು. ಸಂಸ್ಕೃತದ ‘ರತ್ನಾವಳಿ’ಯ ಅನುಸರಣ. ದೊರೆಯ ಹೆಸರಿನಲ್ಲಿಯೇ ಬಂದಿರುವ ‘ಗೀತಗೋಪಾಲ’ ಹಾಡುಗಳಿಂದ ಹೆಣೆದ ಕೃತಿ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಅವರು ತಂದೆಯ ನೆನಪಿಗೆ ಕಟ್ಟಿಸಿದ್ದು. ಊಟಿಗೆ ಹೊರಟವರು ಅರ್ಧ ಗಂಟೆ ನಿಲ್ಲಬಾರದೆ?

ಎರಡು ಶತಮಾನಗಳ ಬಳಿಕ, ೧೮೮೦ರ ದಶಕದಲ್ಲಿ, ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ರಂಗವೇರಿತು. ಮುಂದೆ ವರದಾಚಾರ್ಯರ ರತ್ನಾವಳಿ ಕಂಪೆನಿ, ಗುಬ್ಬಿ ವೀರಣ್ಣನವರ ಕಂಪೆನಿ. ಗುಬ್ಬಿಯವರು ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದನ್ನು ಮುದುಕರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಕಂಪೆನಿಗಳು ಕ್ಷೀಣಿಸಿದವು, ಆದರೆ ಅವುಗಳ ಮಟ್ಟುಗಳು ಹಳ್ಳಿಯ ಜಗುಲಿಗಳಲ್ಲಿ ಉಳಿದುಕೊಂಡವು.

ಗುಬ್ಬಿ ಕಂಪೆನಿಯ ಹೆಸರು ಬಂದ ಮೇಲೆ ಈ ಸೀಮೆಯವರು ಒಬ್ಬರನ್ನು ನೆನೆಯದೆ ಬಿಡರು. ಚಾಮರಾಜನಗರಕ್ಕೆ ಅಂಟಿಕೊಂಡಂತಿರುವ, ಇಂದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ, ಆದರೆ ಕನ್ನಡವನ್ನೇ ಆಡುವ ತಾಳವಾಡಿ ಸೀಮೆಯ ಗಾಜನೂರಿನಲ್ಲಿ ೧೯೨೯ರ ಏಪ್ರಿಲ್ ೨೪ರಂದು ಹುಟ್ಟಿದ ಮುತ್ತುರಾಜ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನುಹಿಡಿದು ಬಾಲ್ಯದಲ್ಲೇ ಗುಬ್ಬಿ ಕಂಪೆನಿಗೆ ಸೇರಿದರು. ಶಾಲೆಯ ಓದು ಕೆಳತರಗತಿಗಳಲ್ಲೇ ನಿಂತಿತು. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಆದ ಮೇಲಿನ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಬೇಕಾದುದು ಬೇರೆ ಸಂಗತಿ. ನಾಟಕದಲ್ಲಿ ಹಾಡಿ ಬೆಳೆದ ಆ ನಟನಿಗೆ ಚಲನಚಿತ್ರದಲ್ಲಿ ಬಹುಕಾಲ ಕಂಠ ಕೊಟ್ಟವರು ಪಿ. ಬಿ. ಶ್ರೀನಿವಾಸ್. ಮೊದಲ ವರ್ಷಗಳಲ್ಲಿ ಹಾಡಿದ್ದು ಬೆರಳೆಣಿಕೆಯಷ್ಟು. ೧೯೭೪ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ, ೪೫ನೆಯ ವಯಸ್ಸಿನಲ್ಲಿ, ಅವರು ಮತ್ತೆ ಗಾಯಕರಾದರು. ೧೯೯೨ರ ‘ಜೀವನ ಚೈತ್ರ’ದಲ್ಲಿ ತೋಡಿಯ ಸಂಚಾರವುಳ್ಳ, ಕಛೇರಿಯ ವಿದ್ವಾಂಸರೂ ಹಗುರವಾಗಿ ಎತ್ತಿಕೊಳ್ಳದ ಹಾಡನ್ನು ಹಾಡಿ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಪಡೆದಾಗ ಅವರು ಅರವತ್ತು ದಾಟಿದ್ದರು. ನಟನಾಗಿ ಶಿಖರ ಮುಟ್ಟಿದವನು, ಮುಖ್ಯಕ್ಕೆ ಏನೂ ಬೇಕಿಲ್ಲದವನು, ಶ್ರುತಿಯ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತದ್ದನ್ನು ಈ ಸೀಮೆಯ ಭೀಮ ಅರ್ಜುನರು ಮರೆತಿಲ್ಲ.

ಅದೇ ೧೯೨೯ರಲ್ಲಿ ದಕ್ಷಿಣ ಕನ್ನಡದ ಮಂಚಿಯಲ್ಲಿ ಹುಟ್ಟಿದ ಇನ್ನೊಬ್ಬ ಹುಡುಗನೂ ಮನೆ ಬಿಟ್ಟು ಗುಬ್ಬಿ ಕಂಪೆನಿಗೆ ಓಡಿಬಂದವನೇ. ಬಿ. ವಿ. ಕಾರಂತರ ದಾರಿ ಮಾತ್ರ ಪಟ್ಟಣದ ಶಾಲೆಯ ಕಡೆಗೆ ತಿರುಗಿತು. ಈ ಹುಡುಗ ಓದಬೇಕೆಂದು ಕಾಶಿಗೆ ಕಳುಹಿಸಿದವರು ಸ್ವತಃ ವೀರಣ್ಣನವರು. ಅಲ್ಲಿ ಹಿಂದಿಯ ಎಂ. ಎ., ಓಂಕಾರನಾಥ ಠಾಕೂರರ ಬಳಿ ಸಂಗೀತ. ಅಷ್ಟಕ್ಕೆ ನಿಲ್ಲದೆ ಮೂವತ್ತರ ಆಸುಪಾಸಿನಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿ ೧೯೬೨ರಲ್ಲಿ ಪದವಿ ಪಡೆದರು. ಕಂಪೆನಿಯ ಪರದೆಯ ಹಿಂದೆ ಬಾಲ್ಯ ಕಳೆದವನಿಗೆ ಮತ್ತೆ ಬೆಂಚಿನ ಮೇಲೆ ಕುಳಿತು ಕಲಿಯುವುದೇನಿತ್ತು ಎಂದು ಕೇಳಬಹುದು. ರಂಗದ ಮೇಲೆ ಹಾಡು ಅಲಂಕಾರವಲ್ಲ, ಒಂದು ಕೂಗು, ಒಂದು ತಮಟೆಯ ಪೆಟ್ಟು, ಒಂದು ಮೌನವೂ ಸಂಗೀತವೇ ಎಂದು ಅವರು ಮುಂದೆ ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನಾಟಕಗಳಲ್ಲಿ ತೋರಿಸಿದ್ದೇ ಅದಕ್ಕೆ ಉತ್ತರ. ೧೯೭೭ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು; ೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು.

ಇಂದು ಕನ್ನಡನಾಡಿನಲ್ಲಿ ರಂಗಶಿಕ್ಷಣಕ್ಕೆ ಬರವಿಲ್ಲ. ಹೆಗ್ಗೋಡಿನ ನೀನಾಸಂ ೧೯೮೦ರಲ್ಲೇ ಶಿಕ್ಷಣ ಕೇಂದ್ರ ತೆರೆಯಿತು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ಇದೆ. ಆದರೆ ವರ್ಷಪೂರ್ತಿ ನಡೆಯುವ ರಂಗಶಾಲೆ ಸ್ವಭಾವತಃ ಎಳೆಯರದು. ಸಂಸಾರವಂದಿಗನು ಹೊಲ ಬಿಟ್ಟು, ಅಂಗಡಿ ಬಿಟ್ಟು, ಹತ್ತು ತಿಂಗಳು ಹಾಸ್ಟೆಲಿನಲ್ಲಿ ಇರುವುದೆಂತು? ಪಟ್ಟಣದಲ್ಲಿ ನಿವೃತ್ತರೂ ಗೃಹಿಣಿಯರೂ ಮಕ್ಕಳ ಪಕ್ಕದಲ್ಲಿ ಕುಳಿತು ಸಂಗೀತದ ಜೂನಿಯರ್ ಪರೀಕ್ಷೆ ಬರೆಯುವುದು ಈಗ ವಿಶೇಷವೇನಲ್ಲ. ಹಾಡುವ ನಾಟಕವನ್ನು ಮಾತ್ರ ನಡುವಯಸ್ಸಿನವರಿಗಾಗಿಯೇ, ಅವರ ಬಿಡುವಿನ ಹೊತ್ತಿಗೆ, ಅವರ ಬಾಗಿಲಿಗೇ ಬಂದು ಕಲಿಸುವ ಶಾಲೆ ಈ ಜಗುಲಿಯೊಂದೇ.

ಇದರ ಮೇಲೆ ಆಕ್ಷೇಪಗಳಿಲ್ಲದೆ ಇಲ್ಲ. ಹಣ ಕಟ್ಟಿ ಪಾತ್ರ ಕೊಳ್ಳುವುದು ಕಲೆಯೇ ಎಂದು ಪಟ್ಟಣದ ವಿಮರ್ಶಕರು ಮೂಗು ಮುರಿಯುತ್ತಾರೆ. ಅವರ ಮಾತಿನಲ್ಲಿ ಹುರುಳುಂಟು. ಸಿರಿವಂತನ ಒಡಕು ಕಂಠಕ್ಕೆ ದುರ್ಯೋಧನ ಸಿಕ್ಕು, ಬಡವನ ಒಳ್ಳೆಯ ಕಂಠಕ್ಕೆ ದೂತನೇ ಗತಿಯಾದ ಊರುಗಳು ಬೇಕಾದಷ್ಟಿವೆ. ಪ್ರವೇಶಕ್ಕೊಮ್ಮೆ ಅಭಿಮಾನಿಗಳು ರಂಗಕ್ಕೆ ನುಗ್ಗಿ ಹಾರ ಹಾಕುವುದರಿಂದ ಪಾಂಡವರ ಸಂಕಟ ಗಂಟೆಗಟ್ಟಲೆ ತಡೆದು ನಿಲ್ಲುತ್ತದೆ. ಮನೆಯೊಳಗಿನ ಆಕ್ಷೇಪ ಇನ್ನೂ ನಿಜವಾದದ್ದು. ಟೊಮೆಟೊ ಬೆಲೆ ಬಿದ್ದ ವರ್ಷ, ಸೊಸೈಟಿಯ ಸಾಲ ತೀರದ ವರ್ಷ, ‘ಅರ್ಜುನನ ದುಡ್ಡಿನಲ್ಲಿ ಮಗಳ ಕಾಲೇಜಿನ ಫೀಜು ಕಟ್ಟಬಹುದಿತ್ತಲ್ಲಾ’ ಎಂದು ಹೆಂಡತಿ ಕೇಳಿದರೆ ಗಾಂಡೀವಿಯ ಬಳಿ ಬಾಣವಿಲ್ಲ. ಹಲವರು ಆ ವರ್ಷ ಪಾತ್ರ ಬಿಟ್ಟುಕೊಡುತ್ತಾರೆ. ಮುಂದಿನ ನಾಟಕ ಕೂಡಿಬರುವ ಹೊತ್ತಿಗೆ ಹಲ್ಲು ಉದುರಿ ‘ಸ’ಕಾರ ಜಾರತೊಡಗಿರುತ್ತದೆ. ತನ್ನ ತಂದೆ ಭೀಮನಾಗಿ ನಿಂತ ನೆಲದ ಮೇಲೆ ತಾನೂ ಒಮ್ಮೆ ನಿಲ್ಲಬೇಕೆಂಬ ಆಸೆಗೆ ಹೀಗೆ ಅವಧಿಯುಂಟು. ಪಾತ್ರಕ್ಕೆ ಕೊಟ್ಟ ಹಣವನ್ನು ನಾಟಕದ ಟಿಕೀಟೆಂದು ನೋಡುವುದಕ್ಕಿಂತ ಶಾಲೆಯ ಫೀಜೆಂದು ನೋಡುವುದು ನ್ಯಾಯ. ಪಟ್ಟಣದಲ್ಲಿ ಕಟ್ಟಿದರೆ ವಿದ್ಯೆ, ಹಳ್ಳಿಯಲ್ಲಿ ಕಟ್ಟಿದರೆ ಷೋಕಿ ಎನ್ನುವುದೆಲ್ಲಿಯ ತೀರ್ಪು?

ಈ ಶಾಲೆಯ ದೊಡ್ಡ ಕೊರತೆ ಬೇರೆಯೇ ಇದೆ. ಅದರ ಹಾಜರಿಪುಸ್ತಕದಲ್ಲಿ ಊರಿನ ಹೆಂಗಸರ ಹೆಸರಿಲ್ಲ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಯರಾಗಿ ಬರುವವರು ವೃತ್ತಿಯ ನಟಿಯರು. ಮೈಸೂರಿನಿಂದಲೋ ಮಂಡ್ಯದಿಂದಲೋ ನಾಟಕದ ದಿನ ಬಸ್ಸಿಳಿದು, ಸಂಜೆ ಒಮ್ಮೆ ಹಾರ್ಮೋನಿಯಮ್ಮಿನ ಮುಂದೆ ಶ್ರುತಿ ನೋಡಿಕೊಂಡು, ಬಣ್ಣ ಹಚ್ಚಿಕೊಳ್ಳುವವರು. ಇಡೀ ನಾಟಕ ಅವರಿಗೆ ಕಂಠಪಾಠ. ಆರು ತಿಂಗಳು ಕಲಿತ ಅರ್ಜುನ ಸಾವಿರಾರು ಕಣ್ಣುಗಳ ಮುಂದೆ ಪದ್ಯದ ನಡುವೆ ಬಾಯಾರಿ ನಿಂತಾಗ, ಪಕ್ಕದ ಪರದೆಯ ಸೂಚನೆ ಕಿವಿಗೆ ಬೀಳದೆ ಹೋದಾಗ, ಸೆರಗಿನ ಮರೆಯಲ್ಲಿ ಮುಂದಿನ ಪದವನ್ನು ಮೆಲ್ಲನೆ ಎತ್ತಿಕೊಟ್ಟು ಅವನ ಮಾನ ಉಳಿಸುವವಳು ಆ ದ್ರೌಪದಿ. ಅದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ, ಅರ್ಜುನನಿಗೆ ತಿಳಿಯುತ್ತದೆ. ಹಾರಗಳೆಲ್ಲ ಅವನ ಕೊರಳಿಗೆ, ಒಂದು ರಾತ್ರಿಯ ಸಂಭಾವನೆ ಅವಳಿಗೆ. ಮರುದಿನ ಮತ್ತೊಂದು ಊರಿನಲ್ಲಿ ಮತ್ತೊಬ್ಬ ಅರ್ಜುನ. ಇತ್ತೀಚಿನ ವರ್ಷಗಳಲ್ಲಿ ಅಲ್ಲಲ್ಲಿ ಹೆಂಗಸರೇ ಕೂಡಿ, ಗದೆ ಕಿರೀಟಗಳನ್ನೂ ತಾವೇ ಧರಿಸಿ ‘ಕುರುಕ್ಷೇತ್ರ’ ಆಡಿರುವುದುಂಟು. ದುರ್ಯೋಧನನ ಮೀಸೆಯ ಕೆಳಗೆ ಮೂಗುತಿಯ ಗುರುತು ಕಂಡವರು ಮೊದಲು ನಕ್ಕರು, ವೃತ್ತ ಎತ್ತಿದ ಮೇಲೆ ‘ಒನ್ಸ್ ಮೋರ್’ ಎಂದರು.

ನಾಟಕದ ರಾತ್ರಿ ಹತ್ತರ ಸುಮಾರಿಗೆ ಪ್ರಾರ್ಥನೆ ಆರಂಭವಾಗುತ್ತದೆ. ಬಾಡಿಗೆಯ ಸೀನರಿಯ ಅರಮನೆ, ಮಿನುಗುವ ದೀಪಗಳು, ಬಯಲಿನ ತುಂಬ ಚಾಪೆ ಕಂಬಳಿಗಳು, ಕಡಲೆಪುರಿಯ ಗಾಡಿ. ಬೆಳಗಿನವರೆಗೆ ಆಟ ನಡೆಯಬೇಕೆಂಬುದು ಪುರಾಣದ ಕಟ್ಟಳೆಯಲ್ಲ. ಕಾಡಿನ ಮಗ್ಗುಲಲ್ಲಿ ಅರ್ಧರಾತ್ರಿ ಆಟ ಮುಗಿಸಿ ಹೆಂಗಸರು ಮಕ್ಕಳನ್ನು ಎಲ್ಲಿಗೆ ಕಳುಹಿಸುವುದು? ತಂದೆ ಪರದೆಯಿಂದ ಈಚೆಗೆ ಬಂದಾಗ ಮಗಳು ಮೊದಲು ಗುರುತಿಸದೆ, ಗುರುತಿಸಿದ ಮೇಲೆ ನಾಚಿ, ಮೊದಲ ಕಂದ ಶ್ರುತಿ ತಪ್ಪದೆ ಮುಗಿದಾಗ ಉಸಿರು ಬಿಡುತ್ತಾಳೆ. ಅವಳ ತಾಯಿ ಅಷ್ಟು ಹೊತ್ತೂ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇರುತ್ತಾಳೆ.

ಪೂರ್ವ ಕೆಂಪಾಗುವ ಹೊತ್ತಿಗೆ ದುರ್ಯೋಧನ ತೊಡೆ ಮುರಿದು ಬೀಳುತ್ತಾನೆ, ಮಂಗಳ ಹಾಡುತ್ತಾರೆ. ಮೇಷ್ಟರು ಹಾರ್ಮೋನಿಯಮ್ಮನ್ನು ಪೆಟ್ಟಿಗೆಗೆ ಇಳಿಸಿ ಮುಂದಿನ ಊರಿನ ಬಸ್ಸನ್ನು ವಿಚಾರಿಸುತ್ತಾರೆ. ಆರು ಗಂಟೆಗೆ ಅತ್ತ ಮದ್ದೂರಿನ ಗೇಟು ಮೇಲೇಳುತ್ತದೆ. ರಾತ್ರಿಯೆಲ್ಲ ತಡೆದಿದ್ದ ಲಾರಿಗಳು ಒಂದರ ಹಿಂದೆ ಒಂದು ಕಾಡಿಗೆ ಇಳಿಯುತ್ತವೆ. ಕಿವಿಯ ಹಿಂದೆ ಇನ್ನೂ ನೀಲಿ ಬಣ್ಣ ಉಳಿದಿರುವ ಎರಡನೆಯ ಕೃಷ್ಣ, ಹಾಲಿನ ಡೈರಿಗೆ ಹೊತ್ತಾಯಿತೆಂದು ಹಸುವಿನ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಗಂಟಲೊಳಗೇ ಸಂಧಾನದ ಪದ್ಯವನ್ನು ಮತ್ತೊಮ್ಮೆ ಎತ್ತುತ್ತಾನೆ. ರಾತ್ರಿ ಎರಡನೆಯ ಸಾಲಿನಲ್ಲಿ ಉಸಿರು ಸಾಲದೆ ಹೋಗಿತ್ತು.